ಅಡತ್ ಅಂಗಡಿಗೆ ಕ್ಲೌಡ್ ಬಿಲ್ಲಿಂಗ್ ಆ್ಯಪ್: ಕೆಲವು ಹಂಗಾಮುಗಳ ಬಳಕೆಯ ನಂತರ

ಕಲಬುರಗಿಯ ನೆಹರೂ ಗಂಜ್‌ನಲ್ಲಿರುವ ನಮ್ಮ ಅಡತ್ ಅಂಗಡಿಯಲ್ಲಿ (ರೈತರ ಮಾಲನ್ನು ಕಮಿಷನ್ ಮೇಲೆ ಮಾರಿಸಿಕೊಡುವ ಅಂಗಡಿ) ಕೆಲವು ತೊಗರಿ ಹಂಗಾಮುಗಳಿಂದ ಬಳಸುತ್ತಿರುವ ಬಿಲ್ಲಿಂಗ್ ಆ್ಯಪ್ ಕುರಿತು ಇದನ್ನು ಬರೆಯುತ್ತಿದ್ದೇನೆ. ನಾನು ಹೇಳಲಿರುವ ದೋಷ ಇದೊಂದರದ್ದೇ ಅಲ್ಲವಾದ್ದರಿಂದ ಕಂಪನಿಯ ಹೆಸರನ್ನು ಬಿಟ್ಟಿದ್ದೇನೆ. ಅದರ ಸೌಲಭ್ಯಗಳ ಪಟ್ಟಿಯನ್ನು ಕೊಳ್ಳಲು ಹೊರಟವರೆಲ್ಲ ನೋಡಿಯೇ ಇರುತ್ತಾರೆ.

ಮೊದಲು ಮೆಚ್ಚುಗೆಯ ಮಾತು. ಹಮಾಲರು ತೂಕದ ಚೀಟಿ ತಂದಿಟ್ಟ ಕೂಡಲೇ ರೈತರ ಹೆಸರಿನ ಮೊದಲ ಎರಡು ಅಕ್ಷರ ಒತ್ತಿದರೆ ಊರು, ಹಳೆಯ ಬಾಕಿ, ಹಿಂದಿನ ಸಲದ ದರ ಎಲ್ಲವೂ ಪರದೆಯ ಮೇಲೆ ಬರುತ್ತವೆ. ಚೀಲ ಮತ್ತು ಕ್ವಿಂಟಲ್ ತುಂಬಿದರೆ ಲೆಕ್ಕವೆಲ್ಲ ಅದೇ ಮಾಡಿ, ಪುಟ್ಟ ಪ್ರಿಂಟರಿನಿಂದ ಪಟ್ಟಿ ಬಿಸಿಬಿಸಿಯಾಗಿ ಹೊರಬರುತ್ತದೆ. ರೈತರು ಅದನ್ನು ನಾಲ್ಕಾಗಿ ಮಡಚಿ ಅಂಗಿಯ ಜೇಬಿಗೆ ಸೇರಿಸುವಷ್ಟರಲ್ಲಿ ಅದೇ ಪಟ್ಟಿ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗನ ವಾಟ್ಸ್‌ಆ್ಯಪ್‌ಗೂ ತಲುಪಿರುತ್ತದೆ. ದರ ಯಾಕೆ ಕಡಿಮೆಯಾಯಿತೆಂದು ಅಲ್ಲಿಂದಲೇ ಫೋನು ಬಂದದ್ದೂ ಉಂಟು. ಸಂಜೆ ಬಾಗಿಲು ಹಾಕುವ ಮುನ್ನ ಕಿರ್ದಿ ತಾಳೆ ನೋಡುವ ಕೆಲಸ ಈಗ ಒಂದು ಕಪ್ ಚಹಾ ಮುಗಿಯುವುದರೊಳಗೆ ಆಗಿಹೋಗುತ್ತದೆ. ವರ್ಷದ ಚಂದಾ ನಮ್ಮಂಥ ಸಣ್ಣ ಅಂಗಡಿಗೆ ಭಾರವೇನಲ್ಲ.

ಹೀಗಿರುವಾಗ ಜನವರಿಯ ಒಂದು ಮಧ್ಯಾಹ್ನ, ಅಂಗಳದ ತುಂಬ ತೊಗರಿ ಚೀಲಗಳಿದ್ದ ಹೊತ್ತಿನಲ್ಲಿ, ಆ್ಯಪ್ ತೆರೆಯುವುದನ್ನೇ ನಿಲ್ಲಿಸಿತು. ನೆಟ್ ಹೋದರೆ ಇರಲೆಂದು ಫೈಬರ್ ಜೊತೆಗೆ ಬೇರೆ ಕಂಪನಿಯ ಮೊಬೈಲ್ ಡೇಟಾವನ್ನೂ ಇಟ್ಟುಕೊಂಡಿದ್ದೇವೆ. ಎರಡೂ ಚೆನ್ನಾಗಿಯೇ ಇದ್ದವು. ಯುಪಿಐ ನಡೆಯುತ್ತಿತ್ತು, ಸೌಂಡ್‌ಬಾಕ್ಸ್ ಹಣ ಬಂದುದನ್ನು ಕೂಗಿ ಹೇಳುತ್ತಿತ್ತು, ಬಿಲ್ ಮಾತ್ರ ಹುಟ್ಟುತ್ತಿರಲಿಲ್ಲ. ತಾವು ಸರ್ವರ್ ಬಾಡಿಗೆಗೆ ಪಡೆದಿರುವ ಕಡೆ ತೊಂದರೆಯಾಗಿದೆ, ಅವರು ಸರಿಪಡಿಸುವವರೆಗೆ ತಮ್ಮಿಂದ ಏನೂ ಆಗದು ಎಂದು ಸಹಾಯವಾಣಿಯವರು ಹೇಳಿದರು. ಜೇವರ್ಗಿ ಕಡೆಯ ಬಸ್ಸಿಗೆ ಹೊರಟಿದ್ದ ಹಿರಿಯರೊಬ್ಬರು, “ಸಾವ್ಕಾರ್ರೇ, ತೂಕ ಆಗ್ಯದ, ರೇಟ್ ನಿಮಗೂ ಗೊತ್ತದ, ನನಗೂ ಗೊತ್ತದ. ಮತ್ತ ಅದು ಯಾರನ್ನ ಕೇಳ್ಲಿಕ್ಕತ್ತದ?” ಎಂದರು. ನನ್ನ ದೂರೂ ಇಷ್ಟೇ. ತಕ್ಕಡಿ, ಪ್ರಿಂಟರ್, ರೈತ, ಅಡತಿಯವ ಎಲ್ಲರೂ ಒಂದೇ ಕೋಣೆಯಲ್ಲಿರುವಾಗ ಒಂದು ಗುಣಾಕಾರಕ್ಕೆ ದೂರದ ಸರ್ವರಿನ ಅಪ್ಪಣೆ ಬೇಕಾಗುವಂತೆ ಈ ಆ್ಯಪ್ ಅನ್ನು ಕಟ್ಟಿದ್ದಾರೆ.

ಈ ಅವಲಂಬನೆ ಎಷ್ಟು ದೊಡ್ಡದೆಂಬುದಕ್ಕೆ 2025ರ ಎರಡು ಘಟನೆಗಳೇ ಸಾಕು. ಅಕ್ಟೋಬರ್ 20ರಂದು, ನಮ್ಮಲ್ಲಿ ನರಕ ಚತುರ್ದಶಿಯ ದಿನ, ಅಮೆರಿಕದ ಉತ್ತರ ವರ್ಜೀನಿಯಾದಲ್ಲಿರುವ, ಸರ್ವರ್‌ಗಳನ್ನು ಬಾಡಿಗೆಗೆ ಕೊಡುವ ಅಮೆಜಾನ್ ವೆಬ್ ಸರ್ವೀಸಸ್‌ನ ವಲಯದಲ್ಲಿ ಡೈನಮೋಡಿಬಿ ಎಂಬ ಡೇಟಾಬೇಸ್ ಸೇವೆಯ ಡಿಎನ್‌ಎಸ್ ದಾಖಲೆ (ಅಂತರ್ಜಾಲದಲ್ಲಿ ಅದರ ವಿಳಾಸ ಹೇಳುವ ನಮೂದು) ಸ್ವಯಂಚಾಲಿತ ವ್ಯವಸ್ಥೆಯ ದೋಷದಿಂದ ಖಾಲಿಯಾಯಿತು. ವಿಳಾಸವೇ ಇಲ್ಲದ್ದರಿಂದ ಅದನ್ನು ತಲುಪುವವರಿಲ್ಲದಂತಾಗಿ, ಅದನ್ನು ನೆಚ್ಚಿದ್ದ ಇತರ ಸೇವೆಗಳೂ ಕುಸಿದವು. ಅಮೆಜಾನ್‌ಗೆ ಮುಂಬೈಯಲ್ಲಿ 2016ರಿಂದ, ನಮಗೆ ಹತ್ತಿರದ ಹೈದರಾಬಾದ್‌ನಲ್ಲಿ 2022ರಿಂದ ಪ್ರತ್ಯೇಕ ವಲಯಗಳಿವೆ. ಆದರೂ ಕೆಲವು ಜಾಗತಿಕ ಸೌಲಭ್ಯಗಳು ವರ್ಜೀನಿಯಾವನ್ನೇ ಆಧರಿಸಿದ್ದರಿಂದ ಅದರ ಬಿಸಿ ಬೇರೆಡೆಗೂ ತಟ್ಟಿತು. ನವೆಂಬರ್ 18ರಂದು, ಜಾಲತಾಣಗಳಿಗೆ ಬರುವ ಸಂಚಾರವನ್ನು ನಡುವೆ ನಿಂತು ಕಾಯುವ ಕ್ಲೌಡ್‌ಫ್ಲೇರ್‌ನ ಸರದಿ. ಡೇಟಾಬೇಸಿನ ಅನುಮತಿಯಲ್ಲಿ ಮಾಡಿದ ಬದಲಾವಣೆಯಿಂದ, ತಾಣಗಳಿಗೆ ತಾವಾಗಿಯೇ ಭೇಟಿ ಕೊಡುವ ತಂತ್ರಾಂಶಗಳಾದ ಬಾಟ್‌ಗಳನ್ನು ಗುರುತಿಸುವ ಒಂದು ಕಡತ ಇಮ್ಮಡಿಯಾಗಿ, ತಂತ್ರಾಂಶಕ್ಕೆ ಹಾಕಿದ್ದ ಮಿತಿಯನ್ನು ಮೀರಿತು. ಎಕ್ಸ್, ಚಾಟ್‌ಜಿಪಿಟಿ ಎರಡಕ್ಕೂ ಅಡಚಣೆಯಾಯಿತು. ಯಾವ ತಾಣ ಕೆಟ್ಟಿದೆಯೆಂದು ತಿಳಿಸುವ ಡೌನ್‌ಡಿಟೆಕ್ಟರ್ ಕೂಡ ಅಂದು ಸರಿಯಾಗಿ ತೆರೆಯಲಿಲ್ಲ. ನಮ್ಮಂಥವರು ಇಬ್ಬರಿಂದ ನೆಟ್ ಪಡೆದರೂ ಪ್ರಯೋಜನವಾಗದಿರುವುದಕ್ಕೆ ಕಾರಣವಿದು: ದಾರಿಗಳು ಎರಡಾದರೂ ಬಾಗಿಲು ಒಂದೇ.

ಆದರೆ ಪೂರ್ತಿ ಸಿಟ್ಟನ್ನು ಆ್ಯಪಿನವರ ಮೇಲೆಯೇ ತೀರಿಸಿಕೊಳ್ಳುವುದು ನ್ಯಾಯವಲ್ಲ. ಸ್ವಂತ ಸರ್ವರ್, ಜನರೇಟರ್, ರಾತ್ರಿಪಾಳಿಯ ಸಿಬ್ಬಂದಿ ಎಲ್ಲವನ್ನೂ ಅವರೇ ಇಟ್ಟುಕೊಂಡರೆ ಚಂದಾ ನನ್ನ ಕೈಗೆ ನಿಲುಕುವುದಿಲ್ಲ. ಹಿಂದೆ ಅಂಗಡಿಯ ಕಂಪ್ಯೂಟರಿನಲ್ಲೇ ಇದ್ದ ತಂತ್ರಾಂಶ ಹಾರ್ಡ್‌ಡಿಸ್ಕ್ ಕೆಟ್ಟಾಗ ಒಂದು ಹಂಗಾಮಿನ ಲೆಕ್ಕವನ್ನೇ ನುಂಗಿತ್ತು. ಇವರಲ್ಲಿ ಸೇವೆ ನಿಂತರೂ ಒಂದು ನಮೂದೂ ಕಳೆದಿಲ್ಲ. ಆದ್ದರಿಂದ ನಾನು ಕೇಳುವುದು ಬೇರೆ ಸರ್ವರನ್ನಲ್ಲ. ನೆಟ್ ಇಲ್ಲದಾಗ ಫೋನಿನಲ್ಲೇ ಬಿಲ್ ಮಾಡಿಟ್ಟುಕೊಂಡು, ಸಂಪರ್ಕ ಬಂದಾಗ ತಾನಾಗಿ ಕಳುಹಿಸುವ ಸೌಲಭ್ಯವನ್ನಷ್ಟೇ ಕೇಳುತ್ತಿದ್ದೇನೆ. ಬರೆದು ಕೇಳಿದ್ದಕ್ಕೆ ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಬಂದಿದೆ.

ಅಲ್ಲಿಯವರೆಗೆ ನಮ್ಮ ವ್ಯವಸ್ಥೆ ಹೀಗಿದೆ. ರಾತ್ರಿ ಬಾಗಿಲು ಹಾಕುವಾಗ ಎಲ್ಲ ಖಾತೆಗಳ ಬಾಕಿಯನ್ನು ಎಕ್ಸೆಲ್ ಕಡತವಾಗಿ ಇಳಿಸಿ ಪೆನ್‌ಡ್ರೈವ್‌ಗೆ ಹಾಕುತ್ತೇವೆ. ಗಲ್ಲಾದಲ್ಲಿ ಅಚ್ಚು ಹಾಕಿಸಿದ ಬಿಲ್‌ಪುಸ್ತಕವಿದ್ದು, ಅದರ ಸಂಖ್ಯೆಗಳಿಗೆ ಬೇರೆಯೇ ಅಕ್ಷರ ಕೊಟ್ಟಿದ್ದೇವೆ. ಜಿಎಸ್‌ಟಿ ನಿಯಮದಂತೆ ಬಿಲ್ ಸಂಖ್ಯೆ ಕ್ರಮವಾಗಿರಬೇಕಾದರೂ ಒಂದಕ್ಕಿಂತ ಹೆಚ್ಚು ಸರಣಿಗಳಿಗೆ ಅವಕಾಶವಿದೆ, ಹಾಗಾಗಿ ಕೈಬರಹದ ಬಿಲ್ಲುಗಳಿಂದ ಆ್ಯಪಿನ ಕ್ರಮ ತಪ್ಪುವುದಿಲ್ಲ. ಮೂರು ವರ್ಷಕ್ಕೆ ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಇತ್ತು. ನಾನು ಒಂದೇ ವರ್ಷಕ್ಕೆ ಕಟ್ಟಿದೆ.

ಐದರಲ್ಲಿ ಮೂರು ನಕ್ಷತ್ರ. ಹೊಸದಾಗಿ ಕೊಳ್ಳುವವರು ಡೆಮೊ ತೋರಿಸಲು ಬಂದವರ ಎದುರೇ ವೈಫೈ ಮತ್ತು ಡೇಟಾ ಎರಡನ್ನೂ ಆಫ್ ಮಾಡಿ, ಒಂದು ಬಿಲ್ ತೆಗೆದು ತೋರಿಸಲು ಹೇಳಬೇಕು.