ಮೆಣಸಿನಕಾಯಿ ಪೇಟೆಗೆ ಯಾವ ಕಿಸೆಚಾಕು? ನಾಲ್ಕು ಬಳಸಿ ನೋಡಿದ ಮೇಲೆ

ಒಂದೇ ಚಾಕುವಿನಲ್ಲಿ ಚೀಲದ ಸುತಳಿಯನ್ನೂ ಕೊಯ್ದು ಊಟದ ಉಳ್ಳಾಗಡ್ಡಿಯನ್ನೂ ಹೆಚ್ಚುವವರು ಎರಡು ಅಲಗಿನ ಮಡಚು ಚಾಕು ತಗೊಳ್ಳಬೇಕು. ನನ್ನ ಅಂಗಿಯ ಕಿಸೆಯಲ್ಲಿ ಈಗ ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್ ಕಂಪನಿಯ ಸ್ಪಾರ್ಟನ್ ಎಂಬ ಅಂಥ ಚಾಕು ಇದೆ, ಅದನ್ನು ಬಿಟ್ಟು ಬೇರೆಯದಕ್ಕೆ ಹೋಗುವ ಮನಸ್ಸಿಲ್ಲ. ಉಳಿದ ಮೂರನ್ನೂ ಬಳಸಿಯೇ ಈ ಮಾತು ಹೇಳುತ್ತಿದ್ದೇನೆ.

ನನ್ನ ಕೆಲಸ ಬ್ಯಾಡಗಿ ಪೇಟೆಯ ಒಂದು ದಲಾಲಿ ಅಂಗಡಿಯಲ್ಲಿ ಮಾಲು ನೋಡುವುದು. ಸೋಮವಾರ, ಗುರುವಾರ ಟೆಂಡರ್. ರೈತರ ಚೀಲ ಇಳಿದ ಕೂಡಲೇ ಬಾಯಿ ಬಿಚ್ಚಿ ಒಳಗಿನ ಕಾಯಿ ತೆಗೆದು ನೋಡಬೇಕು: ಗಿಡ್ಡ ದಪ್ಪ ಕಾಯಿಯ ಡಬ್ಬಿಯೋ ಉದ್ದ ತೆಳು ಕಾಯಿಯ ಕಡ್ಡಿಯೋ, ಬಣ್ಣ ಹೇಗಿದೆ, ತೇವ ಎಷ್ಟಿದೆ. ಮಧ್ಯಾಹ್ನ ಅಲ್ಲೇ ಬುತ್ತಿ ಬಿಚ್ಚುತ್ತೇವೆ. ರೊಟ್ಟಿ, ಹಸಿ ಮೆಂತೆ, ಸವತೆಕಾಯಿ, ಉಳ್ಳಾಗಡ್ಡಿ. ಹೆಚ್ಚುವುದಕ್ಕೆ ಕಿಸೆಯ ಅದೇ ಚಾಕು. ಈ ಎರಡು ಕೆಲಸಗಳ ನಡುವೆಯೇ ಎಲ್ಲ ತಕರಾರು ಹುಟ್ಟುತ್ತದೆ.

ಮೊದಲು ಕೊಂಡದ್ದು ಆನ್‌ಲೈನಿನಲ್ಲಿ ಸಿಗುವ ಚೀನಾದ ಒಂದು ಲೈನರ್ ಲಾಕ್ ಚಾಕು. ಕಂಪನಿಯ ಹೆಸರು ಬೇಡ, ಇಂಥವು ಹತ್ತಾರು ಹೆಸರಿನಲ್ಲಿ ಬರುತ್ತವೆ. ಡಿ2 ಎಂಬ ಗಡಸು ಉಕ್ಕಿನ ಅಲಗು, ಹೆಬ್ಬೆರಳಲ್ಲಿ ತಳ್ಳಿದರೆ ಒಂದೇ ಕೈಯಲ್ಲಿ ತೆರೆದುಕೊಳ್ಳುತ್ತದೆ. ಇನ್ನೊಂದು ಕೈಯಲ್ಲಿ ಚೀಲ ಹಿಡಿದಿರುವವನಿಗೆ ಇದು ದೊಡ್ಡ ಅನುಕೂಲ. ಧಾರವೂ ಬಹಳ ದಿನ ನಿಲ್ಲುತ್ತಿತ್ತು.

ತೊಂದರೆ ಬಂದದ್ದು ಲಾಕಿನಿಂದ. ಲೈನರ್ ಲಾಕ್ ಎಂದರೆ ಹಿಡಿಕೆಯ ಒಳಮೈಗೆ ಅಂಟಿಕೊಂಡ ತೆಳುವಾದ ಉಕ್ಕಿನ ಪಟ್ಟಿ. ಅಲಗು ಪೂರ್ತಿ ತೆರೆದಾಗ ಆ ಪಟ್ಟಿ ಪಕ್ಕಕ್ಕೆ ಚಿಮ್ಮಿ ಅಲಗಿನ ಬುಡಕ್ಕೆ ಅಡ್ಡ ನಿಲ್ಲುತ್ತದೆ. ಅದು ಪೂರ್ತಿ ಬಂದು ಕೂತರೆ ಮಾತ್ರ ಅಲಗು ಗಟ್ಟಿ. ಪೇಟೆಯ ಗಾಳಿಯಲ್ಲೇ ಮೆಣಸಿನ ಪುಡಿ ಇರುತ್ತದೆ. ಅದರ ಜೊತೆ ಚೀಲದ ಸೆಣಬಿನ ಎಳೆ, ಚಪ್ಪಟೆ ಬೀಜ, ಕಾಯಿಯ ಸಿಪ್ಪೆಯ ಚೂರು. ಬರೀ ಮಣ್ಣಿನ ಧೂಳಾಗಿದ್ದರೆ ಊದಿದರೆ ಹೋಗುತ್ತಿತ್ತು. ಮೆಣಸಿನ ಪುಡಿಯಲ್ಲಿ ಎಣ್ಣೆಯಂಶ ಇದೆ, ಅದು ತೇವ ಸೇರಿ ಸಂದಿಯಲ್ಲಿ ಅಂಟಿನಂತೆ ಕೂತು ಒಣಗುತ್ತದೆ. ಪಟ್ಟಿ ಮುಕ್ಕಾಲು ದಾರಿ ಬಂದು ನಿಂತುಬಿಡುತ್ತದೆ. ಕಣ್ಣಿಗೆ ಲಾಕ್ ಬಿದ್ದಂತೆಯೇ ಕಾಣುತ್ತದೆ. ಹಾಗೆ ಕಂಡ ಒಂದು ದಿನ ದಪ್ಪ ಗೋಣಿಗೆ ಚುಚ್ಚಿ ಒತ್ತಿದಾಗ ಅಲಗು ಹಿಂದಕ್ಕೆ ಮಡಚಿ ತೋರುಬೆರಳ ಮೇಲೆ ಬಿತ್ತು. ಗಾಯ ಆಳವಾಗಿರಲಿಲ್ಲ, ಆದರೆ ಮೆಣಸಿನ ಕೈಯಲ್ಲಿ ಗಾಯವೆಂದರೆ ಏನು ಎನ್ನುವುದು ಪೇಟೆಯವರಿಗೆ ಗೊತ್ತು.

ಬಿಚ್ಚಿ ತೊಳೆಯೋಣವೆಂದರೆ ಅದಕ್ಕಿರುವುದು ನಕ್ಷತ್ರದಾಕಾರದ ಟಾರ್ಕ್ಸ್ ಸ್ಕ್ರೂ. ನಮ್ಮೂರ ಹಾರ್ಡ್‌ವೇರ್ ಅಂಗಡಿಯಲ್ಲಿ ಅಷ್ಟು ಸಣ್ಣ ತಿರುಪುಳಿ ಸಿಗಲಿಲ್ಲ. ಹುಬ್ಬಳ್ಳಿಗೆ ಹೋದಾಗ ಕೊಪ್ಪೀಕರ ರಸ್ತೆಯ ಹತ್ತಿರ ಮೊಬೈಲ್ ರಿಪೇರಿ ಮಾಡುವವರೊಬ್ಬರ ಬಳಿ ಸಿಕ್ಕಿತು. ತಯಾರಕರು ಸ್ಕ್ರೂಗಳಿಗೆ ಅಂಟು ಹಾಕಿ ಬಿಗಿದಿದ್ದರು. ಎರಡು ಬಿಚ್ಚಿದವು, ಮೂರನೆಯದರ ತಲೆ ಸವೆದು ದುಂಡಗಾಯಿತು. ಲಾಕನ್ನು ನಂಬುವಂತಿಲ್ಲ ಎಂದಾದರೆ ಲಾಕ್ ಇಲ್ಲದ ಚಾಕುವೇ ಮೇಲು. ಲಾಕ್ ಇಲ್ಲ ಎಂದು ಗೊತ್ತಿರುವ ಕೈ ಎಚ್ಚರದಿಂದ ಇರುತ್ತದೆ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಖಾರ. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ, ಅದಕ್ಕೇ ಅದು ಹೆಸರುವಾಸಿ. ಆದರೆ ನಮ್ಮ ಪೇಟೆಗೆ ಬರುವುದು ಬ್ಯಾಡಗಿ ತಳಿಯೊಂದೇ ಅಲ್ಲ. ಬಳ್ಳಾರಿ, ರಾಯಚೂರು ಕಡೆಯಿಂದ, ಆಂಧ್ರದಿಂದ ಬೇರೆ ಬೇರೆ ಜಾತಿಯ ಮಾಲು ಬರುತ್ತದೆ, ಅದರಲ್ಲಿ ಒಳ್ಳೆ ಖಾರದ್ದೂ ಇರುತ್ತದೆ. ಖಾರ ಕೊಡುವ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ. ನಲ್ಲಿಯ ಕೆಳಗೆ ಹಿಡಿದು ಪಂಚೆಯಿಂದ ಒರೆಸಿದ ಅಲಗು ಕನ್ನಡಿಯ ಹಾಗೆ ಹೊಳೆಯುತ್ತಿದ್ದರೂ ಅದರಲ್ಲಿ ಹೆಚ್ಚಿದ ಸವತೆಕಾಯಿ ಬಾಯಿ ಸುಡುತ್ತದೆ. ನಾವು ದೊಡ್ಡವರು ಸಹಿಸಿಕೊಳ್ಳುತ್ತೇವೆ. ಮನೆಯಲ್ಲಿ ಮಗಳಿಗೆ ಪೇರಲ ಹೆಚ್ಚಿ ಕೊಟ್ಟು ಅವಳು ತುಟಿ ಉರಿ ಎಂದು ಅತ್ತ ಮೇಲೆ ನಾನು ಈ ವಿಷಯವನ್ನು ಹಗುರವಾಗಿ ನೋಡಿಲ್ಲ. ದಾರಿ ಇದೆ: ಅಲಗಿಗೆ ಮೊದಲು ಅಡಿಗೆ ಎಣ್ಣೆ ಸವರಿ ಬಟ್ಟೆಯಿಂದ ಒರೆಸಬೇಕು, ಆಮೇಲೆ ಸೋಪು, ಕೊನೆಗೆ ನೀರು. ಎಣ್ಣೆ ಖಾರವನ್ನು ಎತ್ತುತ್ತದೆ, ಸೋಪು ಎಣ್ಣೆಯನ್ನು ಎತ್ತುತ್ತದೆ. ಆದರೆ ಊಟದ ಹೊತ್ತಿಗೆ ಪ್ರತಿ ಸಲ ಇಷ್ಟು ಮಾಡುವವರು ಯಾರು? ಮಾಡಿದರೂ ಕೀಲಿನೊಳಗೆ ಉಳಿದದ್ದು ಮಡಚಿ ತೆರೆದಾಗ ಮತ್ತೆ ಅಲಗಿಗೆ ಬರುತ್ತದೆ.

ಎರಡನೆಯದು ಒಪಿನೆಲ್ ನಂಬರ್ 8, ಅಣ್ಣನದು. ಫ್ರಾನ್ಸಿನ ಸವಾಯ್ ಪ್ರಾಂತದಲ್ಲಿ 1890ರಿಂದ ಮಾಡುತ್ತಿರುವ ಚಾಕು. ಬೀಚ್ ಮರದ ಹಿಡಿಕೆ, 8.5 ಸೆಂಟಿಮೀಟರಿನ ತೆಳು ಅಲಗು. ಕೊಯ್ಯುವುದರಲ್ಲಿ ನಾಲ್ಕರಲ್ಲೂ ಇದೇ ಮೊದಲು, ಇದರಲ್ಲಿ ನನಗೆ ಅನುಮಾನವೇ ಇಲ್ಲ. ಆಪೂಸು ಹೋಳು ಮಾಡಿದರೆ ರಸ ಸೋರುವುದಿಲ್ಲ. 1955ರಲ್ಲಿ ಸೇರಿಸಿದ ತಿರುಗುವ ಉಂಗುರದ ಲಾಕ್ ಎಷ್ಟು ಸರಳವೆಂದರೆ ಅದರೊಳಗೆ ಕೆಡುವಂಥದ್ದೇ ಇಲ್ಲ. ಅಣ್ಣನದು ಕಾರ್ಬನ್ ಉಕ್ಕಿನದು. ನಿಂಬೆ, ಮಾವು ಕೊಯ್ದರೆ ಕಪ್ಪಾಗುತ್ತದೆ, ಒರೆಸದೆ ಇಟ್ಟರೆ ತುಕ್ಕು. ಸ್ಟೇನ್‌ಲೆಸ್‌ನದ್ದೂ ಬರುತ್ತದೆ, ಅದನ್ನೇ ತಗೊಳ್ಳಿ.

ನನ್ನ ಕೆಲಸಕ್ಕೆ ಇದು ಒಗ್ಗದಿರುವುದು ಮರದಿಂದಾಗಿ. ಪುಡಿ ಮರದ ಸೀಳಿನೊಳಗೆ ಇಳಿದರೆ ನೀರಿಗೆ ಹಾಕಿ ತೊಳೆಯುವಂತಿಲ್ಲ. ನೆನೆದ ಮರ ಉಬ್ಬಿ ಅಲಗನ್ನು ಹಿಡಿದುಕೊಳ್ಳುತ್ತದೆ. ಜೂನ್ ಬಂದರೆ ಧಾರವಾಡ, ಹಾನಗಲ್ಲ ಕಡೆಯ ಮಳೆಗಾಳಿಗೇ ಮರದ ಹಿಡಿಕೆ ಸ್ವಲ್ಪ ಬಿಗಿಯಾಗುವುದು ಸಹಜ. ಆಗ ಹಿಡಿಕೆಯ ಹಿಂತುದಿಯನ್ನು ಕಟ್ಟೆಗೆ ಕುಟ್ಟಿದರೆ ಅಲಗಿನ ಬೆನ್ನು ಮೇಲೇಳುತ್ತದೆ, ಬೆರಳಲ್ಲಿ ಹಿಡಿದು ಎಳೆಯಬಹುದು. ತೋಟಕ್ಕೆ, ಪ್ರವಾಸಕ್ಕೆ, ಮನೆಯ ಹಣ್ಣಿಗೆ ಒಪಿನೆಲ್ಲನ್ನು ಕಣ್ಣು ಮುಚ್ಚಿ ಕೊಡಿಸುತ್ತೇನೆ. ಮೆಣಸಿನ ಚೀಲಕ್ಕೆ ಬೇಡ.

ಮೂರನೆಯದು ಕೃಷಿ ಸಾಮಾನಿನ ಅಂಗಡಿಯಲ್ಲಿ ಸಿಗುವ ಮಡಚುವ ಕಸಿ ಚಾಕು. ಅಗ್ಗ, ಗಟ್ಟಿ. ಒಂದೇ ಮಗ್ಗುಲಿಗೆ ಧಾರ ಇರುವುದರಿಂದ ಕೊಂಬೆಯ ಕೊಯ್ತ ಸಪಾಟಾಗಿ ಬರುತ್ತದೆ, ಸವತೆಕಾಯಿ ಮಾತ್ರ ಓರೆಯಾಗುತ್ತದೆ. ಎಡಗೈಯವರು ಕೊಳ್ಳುವ ಮೊದಲು ಧಾರ ಯಾವ ಮಗ್ಗುಲಿಗಿದೆ ಎಂದು ನೋಡಿಕೊಳ್ಳಬೇಕು.

ಈಗ ಸ್ಪಾರ್ಟನ್. ಮುಚ್ಚಿದಾಗ 91 ಮಿಲಿಮೀಟರ್, ಅಂಗಿಯ ಕಿಸೆಯಲ್ಲಿ ಪೆನ್ನಿನ ಪಕ್ಕ ಕೂರುತ್ತದೆ. ದೊಡ್ಡ ಅಲಗು ಚೀಲಕ್ಕೆ, ಸಣ್ಣ ಅಲಗು ಬಾಯಿಗೆ ಹೋಗುವುದಕ್ಕೆ. ಈ ನೇಮವನ್ನು ನಾನು ಮುರಿಯುವುದಿಲ್ಲ, ಅಂಗಡಿಯ ಹುಡುಗರಿಗೂ ಚಾಕು ಕೊಡುವಾಗ ಹೇಳಿಯೇ ಕೊಡುತ್ತೇನೆ. ಎರಡೂ ಒಂದೇ ಹಿಡಿಕೆಯಲ್ಲಿರುವುದರಿಂದ ಪುಡಿ ಅಲ್ಲಿಂದಿಲ್ಲಿಗೆ ಬರಲೇಬಾರದು ಎಂದೇನಿಲ್ಲ. ಆದರೆ ಇಡೀ ಚಾಕುವನ್ನು ಸೋಪಿನ ಬಿಸಿನೀರಿನಲ್ಲಿ ಮುಳುಗಿಸಿ, ಅಲ್ಲೇ ತೆರೆದು ಮಡಚಿ ಮಾಡಿದರೆ ಕೀಲಿನ ಕೊಳೆ ತಾನೇ ಹೊರಬರುತ್ತದೆ. ಒಣಗಿಸಿ ಒಂದು ಹನಿ ಎಣ್ಣೆ ಬಿಟ್ಟರೆ ಸಾಕು, ಸ್ಕ್ರೂ ಬಿಚ್ಚುವ ಗೊಡವೆ ಇಲ್ಲ.

ಉಳಿದ ಸಲಕರಣೆಗಳೂ ನಮ್ಮ ಪೇಟೆಗೆಂದೇ ಮಾಡಿದಂತಿವೆ. ಬೆನ್ನಲ್ಲಿರುವ ಮೊನೆಗೆ ಒಂದು ಕಣ್ಣಿದೆ, ಹರಿದ ಚೀಲಕ್ಕೆ ದಬ್ಬಣ ಸಿಗದಾಗ ಅದರಲ್ಲೇ ಸುತಳಿ ಪೋಣಿಸಿ ನಾಲ್ಕು ಹೊಲಿಗೆ ಹಾಕುತ್ತೇನೆ. ವೈನ್ ಬಾಟಲಿಯ ಬಿರಡೆ ತೆಗೆಯಲು ಕೊಟ್ಟಿರುವ ತಿರುಚು ಮೊಳೆ ಬಿಗಿದ ಗಂಟು ಸಡಿಲಿಸಲು ಬಹಳ ಚೆನ್ನ. ಸುತಳಿ ಕೊಯ್ಯದೆ ಬಿಚ್ಚಿದರೆ ಅದೇ ಸುತಳಿಯಿಂದ ಚೀಲ ಮತ್ತೆ ಕಟ್ಟಬಹುದು, ರೈತನಿಗೂ ಸಮಾಧಾನ. ಚಿಮಟದಿಂದ ಜಾಲಿಮುಳ್ಳು ತೆಗೆಯುತ್ತೇವೆ.

ಕೊರತೆಗಳೂ ಇವೆ. ತೆರೆಯಲು ಎರಡು ಕೈ ಬೇಕು, ಉಗುರು ಸಣ್ಣದಿದ್ದರೆ ಕಷ್ಟ. ಲಾಕ್ ಇಲ್ಲ, ಆದ್ದರಿಂದ ಗೋಣಿಗೆ ಚುಚ್ಚುವುದಿಲ್ಲ, ಎಳೆದು ಕೊಯ್ಯುತ್ತೇನೆ. ಉಕ್ಕು ಗಡಸುತನದ ರಾಕ್‌ವೆಲ್ ಅಳತೆಯಲ್ಲಿ 56, ಡಿ2ಗಿಂತ ಮೆದು. ಮಣ್ಣು ಹಿಡಿದ ಗೋಣಿಗೆ ಬೇಗ ಮೊಂಡಾಗುತ್ತದೆ. ಆದರೆ ಮೆದುವಾದದ್ದರಿಂದಲೇ ಧಾರ ಬೇಗ ಮರಳುತ್ತದೆ: ಉಪ್ಪಿನಕಾಯಿ ಭರಣಿ ಬೋರಲು ಹಾಕಿ, ತಳದ ಒರಟು ಅಂಚಿಗೆ ಎರಡೂ ಮಗ್ಗುಲು ಕೆಲವು ಸಲ ಉಜ್ಜಿದರೆ ಮತ್ತೆ ಕಾಗದ ಸೀಳುತ್ತದೆ. ಡಿ2ಗೆ ಆ ಭರಣಿ ಸಾಲಲಿಲ್ಲ, ವಜ್ರದ ಪುಡಿಯ ಸಾಣೆ ಬೇಕಾಯಿತು.

ಇನ್ನೊಂದು ವಿಷಯ ನನಗೆ ಮುಖ್ಯ. ಚೀಲದ ಮುಂದೆ ವರ್ಷದ ಬೆಳೆ ಹೊತ್ತು ತಂದ ಮನುಷ್ಯ ನಿಂತಿರುತ್ತಾನೆ. ಅವನೆದುರು ಕಪ್ಪು ಚಾಕುವನ್ನು ಟಕ್ಕೆಂದು ಚಿಮ್ಮಿಸಿದರೆ ಅವನ ಮುಖ ಬದಲಾಗುವುದನ್ನು ನೋಡಿದ್ದೇನೆ. ಕೆಂಪು ಹಿಡಿಕೆಯ ಈ ಸಣ್ಣ ಚಾಕು ತೆಗೆದರೆ ಯಾರೂ ಹಿಂದೆ ಸರಿಯುವುದಿಲ್ಲ. ಹುಬ್ಬಳ್ಳಿ ವಿಮಾನ ನಿಲ್ದಾಣದಲ್ಲಿ ಮಾತ್ರ ಇದನ್ನೂ ಕೈಚೀಲದಲ್ಲಿ ಬಿಡುವುದಿಲ್ಲ, ಲಗೇಜಿಗೆ ಹಾಕಿ.

ನಾನು ಕೊಟ್ಟದ್ದು ಮೂರು ಸಾವಿರದ ಹತ್ತಿರ. ಇನ್ನೂರು ಮುನ್ನೂರಕ್ಕೆ ಸಿಗುವ ಕೆಂಪು ಚಾಕುಗಳು ನಕಲಿ, ದೊಡ್ಡ ಅಲಗಿನ ಬುಡದಲ್ಲಿ ವಿಕ್ಟೋರಿನಾಕ್ಸ್ ಹೆಸರಿನ ಅಚ್ಚು ಇದೆಯೇ ನೋಡಿ, ನಂಬಿಕೆಯ ಅಂಗಡಿಯಲ್ಲೇ ಕೊಳ್ಳಿ. ಅಷ್ಟು ದುಡ್ಡು ಹಾಕಲು ಆಗದಿದ್ದರೆ ಚೀಲಕ್ಕೆ ಕಸಿ ಚಾಕು ಇಟ್ಟುಕೊಂಡು, ಊಟಕ್ಕೆ ಅಡಿಗೆಮನೆಯ ಒಂದು ಸಣ್ಣ ಚಾಕುವನ್ನು ಬಟ್ಟೆ ಸುತ್ತಿ ಬುತ್ತಿಯ ಚೀಲದಲ್ಲೇ ಇಡಿ. ಎರಡನ್ನೂ ಅದಲುಬದಲು ಮಾಡಬೇಡಿ.