ಉದ್ಯಾನದ ಮೇಜು: ಕಬ್ಬಿಣ, ಸಿಮೆಂಟು, ಪ್ಲಾಸ್ಟಿಕ್, ಕಲ್ಲು

ದಾವಣಗೆರೆಯ ನಮ್ಮ ಬಡಾವಣೆಯ ಉದ್ಯಾನದಲ್ಲಿ ನಾಲ್ಕು ಬೇಸಿಗೆಗಳ ಹಿಂದೆ ನಾಲ್ಕು ಬಗೆಯ ಮೇಜುಗಳನ್ನು ಹಾಕಿಸಿದಾಗ ಸಮಿತಿಯವರಾದ ನಮಗೆ ಗಟ್ಟಿತನವೊಂದೇ ಚಿಂತೆಯಾಗಿತ್ತು. ಸಂಜೆಯಾದರೆ ಪೊಟ್ಟಣ ಬಿಚ್ಚಿ ಮಂಡಕ್ಕಿ-ಮೆಣಸಿನಕಾಯಿ ತಿನ್ನುವ ಊರಿನಲ್ಲಿ ಮಳೆ ಬಿಸಿಲುಗಳಷ್ಟೇ ಎಣ್ಣೆಯೂ ಮೇಜಿಗೆ ಶತ್ರುವೆಂಬುದು ಆಗ ಹೊಳೆದಿರಲಿಲ್ಲ.

ಬಣ್ಣ ಬಳಿದ ಕಬ್ಬಿಣದ ಮೇಜನ್ನು ಹೆಚ್ಚು ಬಣ್ಣಿಸಬೇಕಾಗಿಲ್ಲ. ಬೆಸುಗೆಯ ಮೂಲೆಗಳಲ್ಲಿ ಮೊದಲ ಮಳೆಗಾಲಕ್ಕೇ ತುಕ್ಕು ಹಿಡಿಯಿತು. ಮರುವರ್ಷ ಒಂದು ಬೆಳಿಗ್ಗೆ ನೋಡಿದರೆ ಬೋಲ್ಟು ಬಿಚ್ಚಿ ಮೇಲ್ಹಲಗೆಯನ್ನೇ ಯಾರೋ ಹೊತ್ತೊಯ್ದಿದ್ದರು. ಕರಗಿದ ಸತುವಿನಲ್ಲಿ ಅದ್ದಿ ತೆಗೆದ ಕಬ್ಬಿಣವಾದರೆ ಸತುವೇ ಮೊದಲು ಸವೆದು ಒಳಗಿನದನ್ನು ಬಹುಕಾಲ ಕಾಯುತ್ತದೆ, ನಿಜ. ಗುಜರಿ ಅಂಗಡಿಯ ದಾರಿಯನ್ನು ಅದು ತಡೆಯದು.

ಸಿಮೆಂಟಿನ ಮೇಜನ್ನು ಯಾರೂ ಕದಿಯಲಿಲ್ಲ. ಆದರೆ ಅದರ ಸೂಕ್ಷ್ಮ ರಂಧ್ರಗಳು ಎಣ್ಣೆಯನ್ನು ಹೀರಿಕೊಂಡವು. ಮೆಣಸಿನಕಾಯಿಯ ಉದ್ದನೆಯ ಕಲೆಗಳನ್ನು ಸೋಪಿನ ಪುಡಿ ಹಾಕಿ ಉಜ್ಜಿದರೂ ನೆರಳಿನಂತೆ ಉಳಿದೇ ಬಿಟ್ಟವು. ಮೂರನೆಯ ವರ್ಷ ಒಂದು ಮೂಲೆ ಸಿಡಿದಾಗ ಒಳಗಿನ ಸರಳು ಕೆಂಪಾಗಿ ಕಂಡಿತು: ಎರಕ ಹೊಯ್ದವರು ಸರಳಿನ ಮೇಲೆ ಬೆರಳಗಲದ ಸಿಮೆಂಟನ್ನೂ ಬಿಟ್ಟಿರಲಿಲ್ಲ. ತುಕ್ಕು ಹಿಡಿದ ಕಬ್ಬಿಣ ಊದಿಕೊಳ್ಳುವುದರಿಂದ ಅದು ತನ್ನ ಹೊದಿಕೆಯನ್ನು ತಾನೇ ಒಡೆಯುತ್ತದೆ. ಇದು ಸಿಮೆಂಟಿನ ದೋಷವಲ್ಲ, ಅವಸರದ ದೋಷ. ಆದರೂ ಕೊಳ್ಳುವವನ ಕಣ್ಣಿಗೆ ಆ ಅವಸರ ಕಾಣುವುದಿಲ್ಲವಲ್ಲ!

ಮರುಬಳಕೆಯ ಪ್ಲಾಸ್ಟಿಕ್ ಪಟ್ಟಿಗಳ ಮೇಜಿಗೆ ಗೆದ್ದಲಿಲ್ಲ, ತುಕ್ಕಿಲ್ಲ, ಎಣ್ಣೆಯ ಕಲೆಯೂ ಅಷ್ಟಾಗಿ ನಿಲ್ಲಲಿಲ್ಲ. ಕೈಯಿಟ್ಟರೆ ಕಲ್ಲು ಕಬ್ಬಿಣಗಳಷ್ಟು ಚುರುಗುಟ್ಟುವುದೂ ಇಲ್ಲವಾದ್ದರಿಂದ ಹಿರಿಯರು ಅಲ್ಲಿಯೇ ಪತ್ರಿಕೆ ಹರಡುತ್ತಿದ್ದರು. ಆದರೆ ಬಿಸಿಲಿಗೆ ಪ್ಲಾಸ್ಟಿಕ್ ಕಬ್ಬಿಣಕ್ಕಿಂತ ಹಲವು ಪಟ್ಟು ಹಿಗ್ಗುತ್ತದೆ. ಅಡಿಯ ಆಧಾರಗಳು ದೂರದೂರವಿದ್ದ ನಮ್ಮ ಮೇಜಿನ ಪಟ್ಟಿಗಳು ನಡುವೆ ಬಾಗಿ, ಚಹಾದ ಲೋಟ ಓರೆಯಾಗಿ ನಿಲ್ಲತೊಡಗಿತು. ಚಾಕುವಿನಲ್ಲಿ ಕೊರೆದ ಹೆಸರುಗಳಂತೂ ಎಣಿಸಲಾರದಷ್ಟಿವೆ.

ಉಳಿದದ್ದು ಗ್ರಾನೈಟ್. ಐದು ಅಡಿ ಉದ್ದ, ಎರಡೂವರೆ ಅಡಿ ಅಗಲ, ಎರಡು ಇಂಚು ದಪ್ಪದ ಚಪ್ಪಡಿ 150 ಕಿಲೋ ಮೀರುತ್ತದೆ. ಇಳಿಸಲು ಆರು ಜನ ಬೇಕಾದರು, ಕದಿಯಲೂ ಅಷ್ಟೇ ಜನ ಬೇಕು. ಪಾಲಿಶ್ ಮಾಡಿದ ಮೈಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಎಣ್ಣೆ ಹೋಗುತ್ತದೆ, ಹಿಂಡಿದ ನಿಂಬೆಯ ರಸವೂ ಅಮೃತಶಿಲೆಯನ್ನು ಕೊರೆದಂತೆ ಇದನ್ನು ಕೊರೆಯುವುದಿಲ್ಲ. ಒರಟು ಮೈಯ ಕಲ್ಲಾಗಿದ್ದರೆ ಈ ಸುಖವಿರುತ್ತಿರಲಿಲ್ಲ. ಕುಂದೊಂದೇ: ಏಪ್ರಿಲ್‌ನಲ್ಲಿ ಹಗಲೆಲ್ಲ ಕಾದ ಕಲ್ಲು ಕತ್ತಲಾದ ಮೇಲೂ ಮೊಣಕೈ ಊರಲು ಬಿಡದು.

ಆದ್ದರಿಂದ ಈ ವರ್ಷದ ಎರಡು ಹೊಸ ಮೇಜುಗಳಿಗೂ ಕಲ್ಲನ್ನೇ ಹೇಳಿದ್ದೇವೆ, ಆದರೆ ಜಾಗವನ್ನು ಬದಲಿಸಿ ಹೊಂಗೆಯ ಮರಗಳ ಕೆಳಗೆ ಗುರುತು ಹಾಕಿದ್ದೇವೆ. ಬಿಸಿಲು ಏರುವ ಹೊತ್ತಿಗೆ ಸರಿಯಾಗಿ ಹೊಂಗೆ ಹೊಸ ಎಲೆ ತುಂಬಿಕೊಂಡಿರುತ್ತದೆ. ಗಾಲಿಕುರ್ಚಿಯವರ ಮೊಣಕಾಲು ಒಳಗೆ ಹೋಗುವಂತೆ ಒಂದು ಕೊನೆಯಲ್ಲಿ ಕಾಲನ್ನೂ ಬೆಂಚನ್ನೂ ಇಡಬೇಡಿರೆಂದು ಕಲ್ಲಿನ ಕೆಲಸದವರಿಗೆ ನೆಲದ ಮೇಲೆ ಸುಣ್ಣದಲ್ಲಿ ಗೆರೆ ಎಳೆದು ತೋರಿಸಿ ಬಂದಿದ್ದೇನೆ.