ಮೊದಲ ಪುಸ್ತಕ: ಪ್ರಕಾಶಕರಿಗೆ ಕೊಡೋದಾ, ನೀವೇ ಅಚ್ಚು ಹಾಕಿಸೋದಾ?

ಖರ್ಚು ನೋಡಿದರೆ ಪ್ರಕಾಶಕರೇ ವಾಸಿ. ಕಾಗದ, ಅಚ್ಚು, ಮುಖಪುಟ ಎಲ್ಲ ಅವರದ್ದು. ನಿಮಗೆ ಗೌರವಧನ ಕಡಿಮೆ, ಸರದಿ ಕಾಯುವುದು ಜಾಸ್ತಿ. ನಿಮ್ಮಿಂದಲೇ ದುಡ್ಡು ಕೇಳಿದರೆ ಮಾತ್ರ ಬೇಡ ಅನ್ನಿ.

ಸ್ವಂತ ಪ್ರಕಟಣೆಗೆ ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಭಾರತದಲ್ಲಿ ಉಚಿತ. ಆದರೆ ಕರಡು ತಿದ್ದುವ ಹೊಣೆ ನಿಮ್ಮದೇ. ‘ನುಡಿ’ ತಂತ್ರಾಂಶದ ಅಕ್ಷರಗಳಲ್ಲಿ ಟೈಪ್ ಮಾಡಿದ್ದನ್ನು ಎಲ್ಲೆಡೆ ಬಳಸುವ ಯೂನಿಕೋಡ್ ಅಕ್ಷರಗಳಿಗೆ ತಿರುಗಿಸಿದಾಗ ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ಕೆಡುತ್ತವೆ. ಪುಟಪುಟವನ್ನೂ ನೋಡಬೇಕು, ಇನ್ನೊಬ್ಬರಿಗೂ ತೋರಿಸಬೇಕು.

ನಿಜವಾದ ಕಷ್ಟ ಮಾರಾಟದ್ದು. ಅಂಗಡಿಯವರು ಮುಖಬೆಲೆಯಲ್ಲಿ ದೊಡ್ಡ ಪಾಲು ಕಮಿಷನ್ ಹಿಡಿಯುತ್ತಾರೆ, ಹಣ ನಿಧಾನವಾಗಿ ಬರುತ್ತದೆ, ಉಳಿದ ಕಟ್ಟುಗಳು ಮಂಚದ ಕೆಳಗೆ!

ಹೊಸಬರ ಕಥೆ, ಕವನವಾದರೆ ಪ್ರಕಾಶಕರಿಗಾಗಿ ಕಾಯಿರಿ. ನಿಮ್ಮೂರಿನ ಇತಿಹಾಸದಂತೆ ಓದುಗರು ಯಾರೆಂದು ಗೊತ್ತಿರುವ ಪುಸ್ತಕವಾದರೆ ಡಿಜಿಟಲ್ ಪ್ರಿಂಟ್‌ನಲ್ಲಿ 100 ಪ್ರತಿ ನೀವೇ ಹಾಕಿಸಿ.